ಗ್ಯಾಸ್ ಎಂದವಳು ನಾನೇ

ನಮ್ಮ ಗಜೇಂದ್ರಗಡದಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಮೊದಲು ಬರುವುದು ಡಾಕ್ಟರರಲ್ಲ, ಸಲಹೆ. ಒಬ್ಬರು ಸೋಡಾ ತರಿಸ್ರಿ ಅನ್ನುತ್ತಾರೆ, ಇನ್ನೊಬ್ಬರು ಅಜವಾನ ಕುದಿಸಿ ಕೊಡ್ರಿ ಅನ್ನುತ್ತಾರೆ. ಅರ್ಧ ತಾಸು ಕಳೆದ ಮೇಲೆ ಯಾರೋ ಕಾರು ತರುತ್ತಾರೆ. ಕಾರು ಬಂದ ಮೇಲೆ, ಹೋಗುವುದು ಎಲ್ಲಿಗೆ ಎಂಬ ಚರ್ಚೆ. ಗದಗಿಗೆ 50 ಕಿಲೋಮೀಟರಿನ ಮೇಲಾಗುತ್ತದೆ, ಹುಬ್ಬಳ್ಳಿಗೆ 100 ದಾಟುತ್ತದೆ. ಬಾಗಲಕೋಟೆಯೂ ಇದೆ. ದುಡ್ಡಿದ್ದವರು ಬೆಳಗಾವಿಯ ಹೆಸರೆತ್ತುತ್ತಾರೆ. ಬೀಗರು ಯಾವ ಊರಲ್ಲಿದ್ದಾರೆ, ರಾತ್ರಿ ಊಟ ಯಾರು ತಂದುಕೊಡುತ್ತಾರೆ ಎನ್ನುವುದರ ಮೇಲೆ ಕೊನೆಗೆ ಹೃದಯದ ಡಾಕ್ಟರರ ಆಯ್ಕೆ ಆಗುತ್ತದೆ. ಅದೂ ತೀರ್ಮಾನವಾಗದಿದ್ದರೆ ಕಾರಿನ ಡ್ರೈವರ್ ಹೇಳಿದ್ದೇ ಅಂತಿಮ. ಹಾಗೆ ಕರೆದುಕೊಂಡು ಹೋದವರಿಗೆ ಏನೋ ಸಿಗುತ್ತದೆ ಎಂಬ ಮಾತು ಊರಲ್ಲಿ ಇದೆ. ನಿಜವೋ ಸುಳ್ಳೋ, ಆ ಹೊತ್ತಿನಲ್ಲಿ ಕೇಳುವ ಧೈರ್ಯ ಯಾರಿಗಿರುತ್ತದೆ?

ಕನ್ನಡದಲ್ಲಿ ನಾವು 'ಕೈಗುಣ' ಎನ್ನುತ್ತೇವೆ. ನಮ್ಮ ಮನೆಯ ಮಾತಿನಲ್ಲಿ 'ಉನೋ ಕೆ ಹಾಥ್ ಮೆ ಶಿಫಾ ಹೈ' ಎನ್ನುತ್ತಾರೆ. ಎರಡೂ ಒಂದೇ. ಡಾಕ್ಟರರು ಏನು ಓದಿದ್ದಾರೆ, ಬಾಗಿಲ ಮೇಲಿನ ಹಲಗೆಯಲ್ಲಿ ಹೆಸರಿನ ಮುಂದೆ ಬರೆದ ಅಕ್ಷರಗಳ ಅರ್ಥವೇನು ಎಂದು ನಾವು ಕೇಳುವವರಲ್ಲ. ಎಂ.ಡಿ. ಆದವರು ಎಲ್ಲ ಕಾಯಿಲೆ ನೋಡುವ ಫಿಜಿಷಿಯನ್ನರು, ಅದರ ಮೇಲೆ ಡಿ.ಎಂ. ಮಾಡಿದವರು ಹೃದಯರೋಗದವರು, ಎದೆ ತೆರೆದು ಬೈಪಾಸ್ ಮಾಡುವ ಸರ್ಜನ್ನರು ಬೇರೆಯೇ ಎಂಬುದು ನನಗೆ ತಿಳಿದದ್ದು 2012ರ ಚಳಿಗಾಲದಲ್ಲಿ. ಅದೂ ತಡವಾಗಿ.

ಆಗ ಅಮ್ಮಿಗೆ 58 ವರ್ಷ, ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಮದುವೆಯಾಗಿ ನರಗುಂದ ಸೇರಿದ್ದ ನಾನು ತವರಿಗೆ ಬಂದಿದ್ದೆ. ಮಧ್ಯಾಹ್ನ ಅಡಿಗೆಮನೆಯಲ್ಲಿ ಕೂತವಳು ಏಳಲಿಲ್ಲ. ಏನಾಯ್ತು ಅಂದರೆ, "ಜೀ ಘಬರಾರಾ, ಸೀನೆ ಪೋ ಚಕ್ಕಿ ರಖೇ ಸರ್ಕಾ ಹೋರಾ" ಅಂದಳು. ಜೀವ ಗಾಬರಿಯಾಗುತ್ತಿದೆ, ಎದೆಯ ಮೇಲೆ ಬೀಸುಕಲ್ಲು ಇಟ್ಟ ಹಾಗಿದೆ. ಊರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರಿಗೆ ನಮ್ಮ ದಖ್ಖನಿ ಬಾರದು, ಅಮ್ಮಿಗೆ ಸಂತೆಯಲ್ಲಿ ವ್ಯವಹರಿಸುವಷ್ಟು ಕನ್ನಡ ಬರುತ್ತಿತ್ತೇ ಹೊರತು ಎದೆಯೊಳಗಿನದನ್ನು ಹೇಳುವಷ್ಟಲ್ಲ. ನಾನು ಏಳನೆಯ ತರಗತಿವರೆಗೆ ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡದಲ್ಲಿ ಓದಿದವಳು, ಅಷ್ಟು ಹೊತ್ತಿಗೆ ನಾಲ್ಕಾರು ಕಥೆ ಬರೆದಿದ್ದವಳು. ಮನೆಯ ಸರಕಾರಿ ಕಾಗದ, ಬ್ಯಾಂಕಿನ ಚೀಟಿ, ದವಾಖಾನೆ ಎಲ್ಲಕ್ಕೂ ನಾನೇ ದುಭಾಷಿ.

"ಏನಾಗ್ತದಂತ್ರಿ?" ಎಂದು ಡಾಕ್ಟರರು ಕೇಳಿದರು. ಅಮ್ಮಿ ಬೀಸುಕಲ್ಲಿನ ಮಾತನ್ನೇ ಮತ್ತೆ ಹೇಳಿದಳು. ನಾನು, "ಗ್ಯಾಸ್ ಆಗ್ಯಾದ್ರಿ, ಎದಿ ಉರೀತದಂತ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಅಮ್ಮಿ ಯಾವುದನ್ನೂ ಉಪಮೆಯಿಲ್ಲದೆ ಹೇಳುವವಳಲ್ಲ. ತಲೆನೋವು ಬಂದರೆ ತಲೆಯಲ್ಲಿ ಮಗ್ಗ ಆಡುತ್ತದೆ, ಕಾಲು ನೋವಾದರೆ ಕಾಲಿಗೆ ಕಲ್ಲು ಕಟ್ಟಿದ್ದಾರೆ. ಡಾಕ್ಟರರ ಮುಂದೆ ಇದನ್ನೆಲ್ಲ ಹೇಳಿದರೆ ನಗುತ್ತಾರೇನೋ ಎಂಬ ನಾಚಿಕೆ ನನಗೆ. ಅದಕ್ಕಿಂತ ಹೇಳಬಾರದ ಮಾತೊಂದಿದೆ: ಆ ಬೀಸುಕಲ್ಲು ನನಗೆ ಇಷ್ಟವಾಗಿತ್ತು. ಮುಂದೆ ಕಥೆಯಲ್ಲಿ ಬರೆಯಬಹುದು ಎಂದು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ. ಕಥೆಗೆ ಇಟ್ಟುಕೊಂಡದ್ದನ್ನು ಡಾಕ್ಟರರಿಗೆ ಕೊಡಲಿಲ್ಲ.

ಆ ಡಾಕ್ಟರರನ್ನು ದೂರಲಾರೆ. ವಯಸ್ಸು, ಸಕ್ಕರೆ ಕಾಯಿಲೆ ನೋಡಿ, "ಒಂದು ಇಸಿಜಿ ತಗಸೋಣೇನ್ರಿ?" ಎಂದು ಅವರೇ ಕೇಳಿದರು. ಮಷೀನಿನ ಹತ್ತಿರ ನಿಂತಿದ್ದವನು ಇಪ್ಪತ್ತರ ಹುಡುಗ. ಇಸಿಜಿ ಎಂದರೆ ಬುರ್ಖಾ ತೆಗೆದು, ಕುಪ್ಪಸ ಸರಿಸಿ, ಎದೆಯ ಮೇಲೆ ಆರು ಕಡೆ ಬಿಲ್ಲೆ ಅಂಟಿಸಬೇಕು. ಅಮ್ಮಿ ನನ್ನ ಕೈ ಹಿಡಿದು ತಲೆ ಅಲ್ಲಾಡಿಸಿದಳು. ಒಬ್ಬ ನರ್ಸನ್ನು ಕರೆಯಿರಿ, ಇಲ್ಲವೇ ಬಿಲ್ಲೆ ನಾನೇ ಅಂಟಿಸುತ್ತೇನೆ, ಎಲ್ಲಿ ಅಂತ ತೋರಿಸಿ ಎಂದಿದ್ದರೆ ಐದು ನಿಮಿಷದ ಕೆಲಸ. "ಬ್ಯಾಡ ಬಿಡ್ರಿ, ಗ್ಯಾಸೇ ಅದು" ಎಂದು ನಾನೇ ಮುಗಿಸಿದೆ.

ಮರುದಿನ ಫಜ್ರ್ ಹೊತ್ತಿಗೆ ಅಮ್ಮಿ ಬೆವರಲ್ಲಿ ತೊಯ್ದಿದ್ದಳು, ಉಸಿರು ಸಿಗುತ್ತಿರಲಿಲ್ಲ. ಗದಗಿನಲ್ಲಿ ಇಸಿಜಿ ನೋಡಿದವರು ಕೇಳಿದ ಮೊದಲ ಪ್ರಶ್ನೆ, "ನಿನ್ನೆ ಎಷ್ಟು ಗಂಟೆಗೆ ಶುರುವಾಯ್ತು?" ರಕ್ತನಾಳದಲ್ಲಿ ಕಟ್ಟಿದ ಗಡ್ಡೆಯನ್ನು ಕರಗಿಸುವ ಇಂಜೆಕ್ಷನ್ ಮೊದಲ 12 ಗಂಟೆಯೊಳಗೆ ಉಪಯೋಗಕ್ಕೆ ಬರುತ್ತದೆ, ಅದರಲ್ಲೂ ಮೊದಲ ಎರಡು ಮೂರು ತಾಸು ಬಂಗಾರದಂಥವು, ಆಮೇಲೆ ತಾಸಿಗಿಷ್ಟು ಎಂದು ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ ಎಂದು ಅಲ್ಲಿ ಕಲಿತೆ. ಹಳೆಯ ಸಕ್ಕರೆ ಕಾಯಿಲೆಯವರಿಗೆ ನರಗಳು ಮಂದವಾಗಿ ನೋವು ಜೋರಾಗಿ ಗೊತ್ತಾಗದೇ ಇರಬಹುದು. ಹೆಂಗಸರಿಗೆ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದಮ್ಮು, ಸುಸ್ತು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವು ಬರುತ್ತದೆ. ಅಮ್ಮಿ ಮಾತ್ರ ಪುಸ್ತಕದಲ್ಲಿ ಬರೆದ ಹಾಗೆಯೇ ಹೇಳಿದ್ದಳು. ಎದೆಯ ಮೇಲೆ ಭಾರ ಹೇರಿದಂತಾಗುವುದೇ ಹೃದಯಾಘಾತದ ಅತಿ ಹಳೆಯ, ಅತಿ ಸಾಮಾನ್ಯ ಲಕ್ಷಣವಂತೆ.

ಅಲ್ಲಿಂದ ಹುಬ್ಬಳ್ಳಿಗೆ. ಅಲ್ಲಿ ಗಂಡಸರೆಲ್ಲ ಕಾರಿಡಾರಿನಲ್ಲಿ, ಹೆಂಗಸರು ಪರದೆಯ ಒಳಗೆ. ಆಂಜಿಯೋಗ್ರಾಮ್ ನಡೆಯುತ್ತಿರುವಾಗಲೇ ಅಣ್ಣನನ್ನು ಬಾಗಿಲಿಗೆ ಕರೆದು, ಸ್ಟೆಂಟ್ ಹಾಕಬೇಕು, ಇಂಥದ್ದಕ್ಕೆ ಇಷ್ಟು, ವಿದೇಶದ್ದಕ್ಕೆ ಇಷ್ಟು, ಹತ್ತು ನಿಮಿಷದಲ್ಲಿ ಹೇಳಿ ಎಂದರು. ಅಣ್ಣನಿಗೆ ಟ್ರ್ಯಾಕ್ಟರಿನ ಬಿಡಿಭಾಗದಲ್ಲಿ ಕಂಪನಿ ಮಾಲು, ಲೋಕಲ್ ಮಾಲು ಗೊತ್ತು. ತಾಯಿಯ ಎದೆಗೆ ಲೋಕಲ್ ಮಾಲು ಹಾಕಿಸಿ ಎನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಔಷಧ ಲೇಪಿಸಿದ ಸ್ಟೆಂಟಿಗೆ ಆಗ ಲಕ್ಷ ದಾಟಿದ ಬೆಲೆ. ಹೊಲದ ಒಂದು ತುಂಡು ಹೋಯಿತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದ ಔಷಧ ಬೆಲೆ ಪ್ರಾಧಿಕಾರ ಬೆಲೆಗೆ ಮಿತಿ ಹಾಕಿ, ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ ಎಂದು ಪ್ರಕಟಿಸಿದಾಗ ಅಣ್ಣ ಪೇಪರನ್ನು ಮಡಚಿಟ್ಟು ಎದ್ದು ಹೋದ. ಏನೂ ಮಾತಾಡಲಿಲ್ಲ.

ಅಮ್ಮಿ ಉಳಿದಳು. ಆದರೆ ಹೃದಯ ಪಂಪು ಮಾಡುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಅಲ್ಲಿಂದ ಮುಂದೆ ತಿಂಗಳ ತಿಂಗಳ ಡಾಕ್ಟರರ ಭೇಟಿ. ಮೊದಲಿನವರು ಒಳ್ಳೆಯ ಹೆಸರಿದ್ದವರು, ಮೂರು ತಾಸು ಕಾದರೆ ಎರಡು ನಿಮಿಷ ಸಿಗುತ್ತಿತ್ತು. ಅವರು ಫೈಲು ನೋಡುತ್ತ ಅಣ್ಣನ ಜೊತೆ ಮಾತಾಡುತ್ತಿದ್ದರು. ಎರಡನೆಯವರು ನನ್ನ ಜೊತೆ. ಅಮ್ಮಿ ನಮ್ಮ ನಡುವೆ ಕೂತು, ತನ್ನ ಬಗ್ಗೆಯೇ ನಡೆಯುವ ಮಾತನ್ನು ಬೇರೆ ಯಾರದೋ ಮದುವೆ ಮಾತುಕತೆಯಂತೆ ಕೇಳುತ್ತಿದ್ದಳು.

ಮೂರನೆಯವರು ಧಾರವಾಡ ಕಡೆಯ ಲಿಂಗಾಯತ ಡಾಕ್ಟರರು, ವಯಸ್ಸು ಹೆಚ್ಚಲ್ಲ. ಅದು ರಮಜಾನಿಗೆ ಹದಿನೈದು ದಿನ ಮುಂಚೆ. ಅಮ್ಮಿ ರೋಜಾ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಬೇಡವೆಂದು ಹೇಳಿಸಲೆಂದೇ ನಾನು ಕರೆದುಕೊಂಡು ಹೋಗಿದ್ದೆ. ಅವರು ನನ್ನನ್ನು ಕೈಸನ್ನೆಯಿಂದ ನಿಲ್ಲಿಸಿ, ಅಮ್ಮಿಯ ಕಡೆ ತಿರುಗಿ, ನಿಧಾನವಾಗಿ ಕನ್ನಡದಲ್ಲಿ, "ಸೆಹರಿ ಎಷ್ಟಕ್ಕ ಮಾಡ್ತೀರಿ? ಇಫ್ತಾರ್ ಎಷ್ಟಕ್ಕ?" ಎಂದು ಕೇಳಿದರು. ಅಮ್ಮಿ ಬೆರಳು ಮಡಚಿ ಹೇಳಿದಳು. ನೀರು ಹೊರಹಾಕುವ ಗುಳಿಗೆ ತಿಂದು ಹದಿನಾಲ್ಕು ತಾಸು ನೀರು ಕುಡಿಯದಿದ್ದರೆ ಬಿಪಿ ಇಳಿದು ಕಿಡ್ನಿಗೆ ಪೆಟ್ಟು ಬೀಳುತ್ತದೆ, ರಕ್ತ ತೆಳುಮಾಡುವ ಗುಳಿಗೆಯನ್ನಂತೂ ಒಂದು ದಿನವೂ ತಪ್ಪಿಸಬಾರದು, ತಪ್ಪಿದರೆ ಸ್ಟೆಂಟಿನೊಳಗೇ ಗಡ್ಡೆ ಕಟ್ಟಬಹುದು ಎಂದು ಚಿತ್ರ ಬರೆದು ತೋರಿಸಿದರು. "ಈ ವರ್ಷ ಬ್ಯಾಡ್ರಿ ಅಮ್ಮಾ. ಜಡ್ಡಿನವರಿಗೆ ನಿಮ್ಮಲ್ಲಿ ಬಿಡುವು ಐತಿ ಅಂತ ಕೇಳೇನಿ" ಎಂದರು. ಇದೆಯಲ್ಲ. ಕಾಯಿಲೆಯವರು ಆಮೇಲೆ ರೋಜಾ ತೀರಿಸಬಹುದು, ತೀರಿಸಲಾಗದವರು ಬಡವರಿಗೆ ಊಟ ಹಾಕಬಹುದು. ನಮ್ಮ ಮೌಲವಿ ಸಾಹೇಬರು ಅದನ್ನೇ ಹೇಳಿದ್ದರು, ನಾನೂ ಹೇಳಿದ್ದೆ. ಅಮ್ಮಿ ಒಪ್ಪಿದ್ದು ಆ ಲಿಂಗಾಯತರ ಮಾತನ್ನು.

ಹೊರಗೆ ಬಂದು, "ಅಬ್ ಇನೋ ಚ್" ಎಂದಳು, ಇನ್ನು ಮೇಲೆ ಇವರೇ. ಯಾಕೆಂದು ಕೇಳಿದೆ. "ಇನೋ ಮೇಕು ಪೂಛೆ, ತುಮನಾ ನೈ." ಅವರು ಕೇಳಿದ್ದು ನನ್ನನ್ನು, ನಿಮ್ಮನ್ನಲ್ಲ. ಅಮ್ಮಿ ತನ್ನ ಆಯುಷ್ಯದಲ್ಲಿ ತಾನೇ ಆರಿಸಿದ ಡಾಕ್ಟರರು ಅವರೊಬ್ಬರೇ. 2019ರಲ್ಲಿ ತೀರಿಕೊಳ್ಳುವವರೆಗೆ ಬೇರೆಯವರ ಹತ್ತಿರ ಹೋಗಲಿಲ್ಲ.

ಕೇಳುವುದಷ್ಟೇ ಸಾಲುತ್ತದೆ ಎಂದು ನಾನು ಹೇಳುತ್ತಿಲ್ಲ. ಸಿಹಿಯಾಗಿ ಮಾತಾಡಿ ತಪ್ಪು ದಾರಿ ಹಿಡಿಸುವವರೂ ಇರುತ್ತಾರೆ. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ನಮ್ಮ ನೆರೆಯವರೊಬ್ಬರ ಹತ್ತಿರ ನಾಲ್ಕು ಆಸ್ಪತ್ರೆಯ ನಾಲ್ಕು ಫೈಲುಗಳಿವೆ, ನಾಲ್ಕರಲ್ಲೂ ಮೊದಲಿನ ಪುಟದಿಂದ ಅದೇ ಪರೀಕ್ಷೆಗಳು. ನರಗುಂದದ ನಮ್ಮ ಓಣಿಯ ರೈತರೊಬ್ಬರಿಗೆ, ನಡೆದರೆ ಎದೆ ಬಿಗಿಯುವ ತ್ರಾಸು. ಒಂದು ಕಡೆ ಸ್ಟೆಂಟ್ ಬೇಕೇ ಬೇಕು ಅಂದರು, ಇನ್ನೊಂದು ಕಡೆ ಗುಳಿಗೆಯಲ್ಲೇ ನೋಡೋಣ ಅಂದರು. ಇಬ್ಬರಲ್ಲೊಬ್ಬರು ಕಳ್ಳರು ಎಂದು ರೈತರ ತೀರ್ಮಾನ. ಕಳ್ಳತನ ಇರಲೂಬಹುದು, ಇರಲಿಕ್ಕೇ ಬೇಕೆಂದೇನಿಲ್ಲ. 2007ರಲ್ಲಿ ಪ್ರಕಟವಾದ ಕರೇಜ್, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಎರಡು ದೊಡ್ಡ ಅಧ್ಯಯನಗಳಲ್ಲಿ, ಹೀಗೆ ಸ್ಥಿರವಾಗಿರುವ ರೋಗಿಗಳಿಗೆ ಮೊದಲೇ ಸ್ಟೆಂಟ್ ಹಾಕಿದರೂ ಒಳ್ಳೆಯ ಔಷಧದಲ್ಲೇ ಇಟ್ಟರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಟೆಂಟಿನವರಿಗೆ ನೋವು ಮಾತ್ರ ಕಡಿಮೆಯಾಯಿತು. ಹೃದಯಾಘಾತ ನಡೆಯುತ್ತಿರುವಾಗಿನ ಮಾತು ಬೇರೆ, ಅಲ್ಲಿ ತಡ ಮಾಡುವಂತಿಲ್ಲ. ಇಷ್ಟನ್ನು ಎರಡೂ ಕಡೆ ಯಾರಾದರೂ ಐದು ನಿಮಿಷ ಕೂಡಿಸಿ ಹೇಳಿದ್ದರೆ ಆ ಮನುಷ್ಯ ಮೂರನೆಯ ಕಡೆ ಅಲೆಯುತ್ತಿರಲಿಲ್ಲ.

ಇನ್ನು ಬಡವರ ಆಯ್ಕೆಯನ್ನು ಕಾರ್ಡೇ ಮಾಡುತ್ತದೆ. ಸಹಕಾರಿ ಸಂಘದ ಸದಸ್ಯರಿಗೆಂದು 2003ರಲ್ಲಿ ಯಶಸ್ವಿನಿ ಬಂತು, 2018ರಲ್ಲಿ ನಿಂತು, ಕೆಲವು ವರ್ಷಗಳ ನಂತರ ಮತ್ತೆ ಶುರುವಾಯಿತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ಇದರಿಂದ ಎಷ್ಟೋ ಮನೆಗಳ ಹೊಲ ಉಳಿದಿದೆ, ಆ ಮಾತನ್ನು ನಮ್ಮಂಥವರು ಮರೆಯಬಾರದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ನಮ್ಮ ಕಡೆಯ ಹುಡುಗರೂ ಹೋಗಿ ಇಸಿಜಿ ತೆಗೆಸಿಕೊಂಡು ಬಂದರು. 2023ರಲ್ಲಿ ಅವರದೇ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯತಜ್ಞರು ಕೂತಲ್ಲೇ ನೋಡಿ ಹೇಳುವುದು, ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವುದು ಇದರ ಕ್ರಮ. ಒಂದೊಂದೇ ಹಂತದಲ್ಲಿ ತಾಲೂಕುಗಳಿಗೆ ವಿಸ್ತರಿಸುತ್ತ ಬಂದಿದ್ದಾರೆ. ಬಹಳ ದೊಡ್ಡ ಕೆಲಸ. ಆದರೆ ತಪಾಸಣೆಗೆಂದು ನಮ್ಮ ಓಣಿಯಿಂದ ಹೋದವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಹೋದ ತಿಂಗಳು ರೋಣದಿಂದ ಖಾಲಾ ಫೋನು ಮಾಡಿದರು. ಅಮ್ಮಿಯ ತಂಗಿ, ಈಗ 66. "ಹಾಥಾಂ ಮೆ ಜಾನ್ ನೈ, ಜಬಡಾ ಖಿಂಚ್ರಾ" ಅಂದರು. ಹಿಂದಿನ ದಿನದಿಂದ ಹೀಗಂತೆ. ಮಗ ಹಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವ ತಯಾರಿಯಲ್ಲಿದ್ದ. ಬೇಡ ಎಂದು ಹೇಳಿ, ಇಸಿಜಿ ಇರುವ ಆಸ್ಪತ್ರೆಗೆ ಕರೆತರಲು ಹೇಳಿ ಬಸ್ಸಿಗೆ ಕಾಯದೆ ಹೊರಟೆ. ಅಮ್ಮಿಯ ಫೈಲಿನ ಜೊತೆ ಇಡುತ್ತಿದ್ದ ನೋಟುಬುಕ್ಕು ನನ್ನ ಚೀಲದಲ್ಲೇ ಇರುತ್ತದೆ. ದಾರಿಯಲ್ಲಿ ಖಾಲಾನ ಮಾತನ್ನು ಒಂದಕ್ಷರ ಬದಲಿಸದೆ ಬರೆದುಕೊಂಡೆ.

ಡಾಕ್ಟರರ ಮುಂದೆ ಅದನ್ನೇ ಓದಿದೆ. "ಜಬಡಾ ಅಂದ್ರ?" ಎಂದು ಅವರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಖಾಲಾ ನಖಾಬು ಸರಿಸಿ, ತಮ್ಮ ದವಡೆಯ ಮೇಲೆ ಕೈ ಇಟ್ಟು ಅಲ್ಲಿಂದ ಎಡ ತೋಳಿನವರೆಗೆ ಒಂದು ಗೆರೆ ಎಳೆದು ತೋರಿಸಿದರು. ಡಾಕ್ಟರರು ಎದ್ದು ನರ್ಸನ್ನು ಕೂಗಿದರು.