ಮಿಕ್ಸಿಯ ಮೇಲೆ ಹೊರಿಸಿದ ತಪ್ಪು

ಸಂಜೆ ಏಳರ ಹೊತ್ತಿಗೆ ಮೂಗೂರಿನ ನಮ್ಮ ಮನೆಯ ಕಂಪ್ಯೂಟರ್ ಹೇಳದೆ ಕೇಳದೆ ಆಫ್ ಆಗುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಸದ್ದು ಮಾಡಿದ ಸ್ವಲ್ಪ ಹೊತ್ತಿಗೆ ಇಲ್ಲಿ ಪರದೆಯಿಂದ ಎಲ್ಲ ಮಾಯ. ಪಂಪ್‌ಸೆಟ್‌ಗಳು ಶುರುವಾದರೆ ಬಲ್ಬು ಮಂಕಾಗುವ ಊರು ನಮ್ಮದು. ಎರಡು ಸಲ ಹೀಗಾದ ಮೇಲೆ ನಾನು ತೀರ್ಪು ಕೊಟ್ಟೇಬಿಟ್ಟೆ: "ಅವ್ವ, ನೀನು ಮಿಕ್ಸಿ ಹಾಕೋದ್ರಿಂದ್ಲೇ ಇದು ಆಫಾಗ್ತಿರೋದು."

"ಹಂಗಾರೆ ಹಾಕಲ್ಲ ಬುಡು ಮಗ" ಅಂದಳು.

ಮಾರನೆಯ ದಿನ ಹಿತ್ತಲಿನ ಒರಳುಕಲ್ಲು ತೊಳೆದು ಖಾರ ಅರೆಯಲು ಕೂತಳು. ಅವಳ ಬಲಗೈ ಮಣಿಕಟ್ಟು ನೋಯುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಪಿಎಚ್.ಡಿ. ಮುಗಿಯಬೇಕಿತ್ತು.

ನನ್ನ ಸಂಶೋಧನೆ ನೀಲಗಾರರ ಹಾಡಿಕೆಯ ಮೇಲೆ. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವವರು ಅವರು. ಹಗಲು ಟೈಪು ಮಾಡುವುದು, ಸಂಜೆ ಧ್ವನಿಮುದ್ರಣಗಳ ಗದ್ದಲ ತೆಗೆಯುವುದು ನನ್ನ ದಿನಚರಿ.

ಮಿಕ್ಸಿ ನಿಂತರೂ ಕಂಪ್ಯೂಟರ್ ಆಫಾಗುವುದು ನಿಲ್ಲಲಿಲ್ಲ. ಆದರೂ ನನ್ನ ತೀರ್ಪು ಬದಲಾಗಲಿಲ್ಲ. ಮಿಕ್ಸಿಯಿಂದಾಗಿ ಎಸ್‌ಎಂಪಿಎಸ್ ಕೆಟ್ಟಿರಬೇಕು ಅಂದುಕೊಂಡು ಫೆಲೋಶಿಪ್ ದುಡ್ಡಿನಲ್ಲಿ ಹೊಸದು ತಂದು ಹಾಕಿಸಿದೆ. ಮೂರನೇ ಸಂಜೆಗೇ ಮತ್ತೆ ಅದೇ ಕಥೆ. ಎರಡು ಗಂಟೆಯ ಕೆಲಸ ಉಳಿಸುವ ಮೊದಲೇ ಹೋಯಿತು.

ಆ ಸಿಟ್ಟಿನಲ್ಲಿ ಕೂತಾಗ ಒಂದು ಕಣ್ಣಿಗೆ ಬಿತ್ತು. ಮಾನಿಟರ್ ಆರಿರಲಿಲ್ಲ. ಸಿಗ್ನಲ್ ಇಲ್ಲ ಎಂದು ತೋರಿಸುತ್ತಿತ್ತು. ಬಲ್ಬೂ ಉರಿಯುತ್ತಿತ್ತು. ಎರಡಕ್ಕೂ ಕರೆಂಟು ಬರುತ್ತಿದೆ, ಡಬ್ಬ ಮಾತ್ರ ಆರಿದೆ.

ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬುದೊಂದಿದೆ. ತೆರೆದರೆ 'ಕರ್ನಲ್-ಪವರ್ 41' ಎಂಬ ದಾಖಲೆಗಳ ಸಾಲು. ಸರಿಯಾಗಿ ಮುಚ್ಚದೆ ಯಂತ್ರ ಆರಿದೆ ಎಂದಷ್ಟೇ ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆದರೆ ದಿನಾಂಕ, ಸಮಯ ಇದ್ದವು. ನನ್ನ ಕೆಲಸದ ಡೈರಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಪ್ರತಿ ಸಲವೂ ನಾನು ಧ್ವನಿಮುದ್ರಣ ಶುದ್ಧ ಮಾಡುತ್ತಿದ್ದೆ. ಅವುಗಳಲ್ಲಿ ಎರಡು ಮಧ್ಯಾಹ್ನದವು. ಆಗ ಅವ್ವ ಕಳೆ ಕೀಳಲು ಗದ್ದೆಗೆ ಹೋಗಿದ್ದಳು.

ಉಷ್ಣಾಂಶ ತೋರಿಸುವ ಪುಟ್ಟ ತಂತ್ರಾಂಶ ಹಾಕಿ ಅದೇ ಕೆಲಸ ಶುರುಮಾಡಿದೆ. ಪ್ರೊಸೆಸರ್ 97 ಡಿಗ್ರಿ ಮುಟ್ಟಿತು. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಇಳಿಯದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆರುತ್ತದೆ.

ವೈರು ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿದೆ. ಒಕ್ಕಣೆಯ ಧೂಳೂ ಭತ್ತದ ಹೊಟ್ಟೂ ಸೇರಿ ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ಕೂತಿದ್ದವು. ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್‌ನಿಂದ ತೆಗೆದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಒರೆಸಿ, ತೊಗರಿಕಾಳಿನಷ್ಟು ಹೊಸದು ಹಾಕಿ ಕೂಲರ್ ಕೂರಿಸಿದೆ. ಅದೇ ಕೆಲಸಕ್ಕೆ ಉಷ್ಣಾಂಶ 68 ದಾಟಲಿಲ್ಲ.

ಹಿತ್ತಲಿಗೆ ಹೋಗಿ "ಅವ್ವ, ಮಿಕ್ಸಿದೇನೂ ತಪ್ಪಿರಲಿಲ್ಲ" ಅಂದೆ.

"ನಂಗೊತ್ತಿತ್ತು ಕನ ಮಗ. ನಾ ಒರಳಲ್ಲಿ ಅರೀತಿದ್ದಾಗ್ಲೂ ಆಫಾಯ್ತಿತ್ತಲ್ಲ."

"ಮತ್ತೆ ಹೇಳ್ಬಾರ್ದಿತ್ತಾ?"

"ಓದ್ದೋನು ನೀನು ಯೋಳ್ತಿದ್ದೀಯ ಅಂತ ಸುಮ್ಕಿದ್ದೆ."

ಶಾಲೆ ಮೆಟ್ಟಿಲು ಹತ್ತದವರ ಮುಂದೆ ರೆಕಾರ್ಡರ್ ಹಿಡಿದು ಕೂತು, ಅವರು ಹೇಳಿದ ಒಂದು ಮಾತೂ ಬಿಟ್ಟುಹೋಗದಂತೆ ಬರೆದುಕೊಳ್ಳುವುದೇ ನನ್ನ ಸಂಶೋಧನೆ. ಮನೆಯಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಿದ್ದರೆ ಎಸ್‌ಎಂಪಿಎಸ್ ದುಡ್ಡೂ ಉಳಿಯುತ್ತಿತ್ತು, ಅವ್ವನ ಕೈಯೂ.

ಈಗ ಮಿಕ್ಸಿ ಮತ್ತೆ ತಿರುಗುತ್ತಿದೆ. ಅದನ್ನು ಹಾಕುವ ಮುಂಚೆ ಅವ್ವ ಇಂದಿಗೂ ಒಮ್ಮೆ ನನ್ನ ಕೋಣೆಯತ್ತ ಇಣುಕಿ, "ಹಾಕ್ಲಾ ಮಗ?" ಎಂದು ಕೇಳುತ್ತಾಳೆ.