ಕಡಲ ತೊಟ್ಟಿಗೆ ಯಾವ ಮರಳು

ಮರಳಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಕಾಸರಗೋಡಿನವರು ಹೊಯ್ಗೆ ಎನ್ನುತ್ತಾರೆ, ಧಾರವಾಡದ ಕಡೆಯವರು ಉಸುಕು ಎನ್ನುತ್ತಾರೆ. ಹಳಗನ್ನಡದ ಮಳಲ್ ತಮಿಳಿನ ಮಣಲ್‌ಗೆ ತೀರ ಹತ್ತಿರದ ನೆಂಟ. ಆದರೆ ಕಂಬಂ ಕಣಿವೆಯ ಒಂದು ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಈ ಪದಾರ್ಥದ ಕುರಿತು ನಡೆದ ಚರ್ಚೆಗೆ ಹೆಸರು ಕಾರಣವಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಉಪ್ಪುನೀರಿನ ಮೀನಿನ ತೊಟ್ಟಿ ಇಡಬೇಕೆಂದು ಹಟ ಹಿಡಿದಿದ್ದಳು. ತೊಟ್ಟಿಯ ತಳಕ್ಕೆ ಯಾವ ಮರಳು ಹಾಸುವುದು ಎಂಬುದು ಇತ್ಯರ್ಥವಾಗುವ ಹೊತ್ತಿಗೆ ವರ್ಷವೊಂದು ಕಳೆದಿತ್ತು.

ತೇನಿ ಜಿಲ್ಲೆಯ ಕಂಬಂ, ಬೋಡಿನಾಯಕ್ಕನೂರು ಸುತ್ತಿನಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳು ತಲೆತಲಾಂತರದಿಂದ ನೆಲೆಸಿವೆ. ಈ ಮನೆಯೂ ಅಂಥದೇ. ಶಾಲೆಯ ಅಕ್ಷರ ತಮಿಳು, ಅಡುಗೆಮನೆಯ ಮಾತು ಕನ್ನಡ. ಹುಡುಗಿ ಶಾಲೆಯ ಪ್ರವಾಸದಲ್ಲಿ ರಾಮೇಶ್ವರಕ್ಕೆ ಹೋಗಿ ಬರುವಾಗ ಮಂಡಪದ ಬಳಿ ಗಾಜಿನ ತೊಟ್ಟಿಯೊಂದರಲ್ಲಿ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಕಂಡಳು. ಮರಿಗಳನ್ನು ಕಡಲಿನಿಂದ ಹಿಡಿದು ತರಬೇಕಿಲ್ಲ, ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ ಎಂದು ಜೊತೆಯ ಅಧ್ಯಾಪಕರು ಹೇಳಿದ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಕಡಲು ಕಾಣದ ಕಣಿವೆಯಲ್ಲಿ ಕಡಲಮೀನು ಸಾಕುವುದೇ ಎಂದು ತಾಯಿ ನಕ್ಕರು. ತಂದೆ ನಗಲಿಲ್ಲ, ಆ ವರ್ಷ ಪನ್ನೀರ್ ದ್ರಾಕ್ಷಿಗೆ ಒಳ್ಳೆಯ ಬೆಲೆ ಬಂದಿತ್ತು.

ಅಜ್ಜನ ದೃಷ್ಟಿಯಲ್ಲಿ ಮರಳಿನದು ಒಂದು ಪ್ರಶ್ನೆಯೇ ಆಗಿರಲಿಲ್ಲ. ಮನೆ ಕಟ್ಟಿಸಿದಾಗ ಉಳಿದ ಹೊಳೆಮರಳು ಹಿತ್ತಿಲಲ್ಲಿ ಗುಡ್ಡೆಯಾಗಿತ್ತು. ಸುರುಳಿಯಾರಿನ ಮರಳು, ಇದಕ್ಕಿಂತ ಒಳ್ಳೆಯದು ಎಲ್ಲಿದೆ ಎಂಬುದು ಅವರ ವಾದ. ಹುಡುಗಿ ಎರಡು ಲೋಟ ತಂದಳು. ಒಂದರಲ್ಲಿ ಅಜ್ಜನ ಮರಳು, ಇನ್ನೊಂದರಲ್ಲಿ ರಾಮೇಶ್ವರದಿಂದ ತಂದಿದ್ದ ಚಿಪ್ಪಿನ ಚೂರು. ಎರಡಕ್ಕೂ ನಿಂಬೆರಸ ಹಿಂಡಿದಳು. ಚಿಪ್ಪಿನ ಲೋಟದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಹೊಳೆಮರಳು ಸುಮ್ಮನೆ ಕುಳಿತಿತ್ತು. ಈ ಪರೀಕ್ಷೆಯನ್ನು ಯಾವ ಶಾಲೆಯ ಮಕ್ಕಳಾದರೂ ಮಾಡಬಹುದು. ಚಿಪ್ಪು ಸಿಗದಿದ್ದರೆ ಮೊಟ್ಟೆಯ ಸಿಪ್ಪೆ ಸಾಕು.

ಎರಡರ ಹುಟ್ಟೇ ಬೇರೆ. ಪಶ್ಚಿಮಘಟ್ಟದ ಕಗ್ಗಲ್ಲು ಬಿಸಿಲಿಗೂ ಮಳೆಗೂ ಬಿರಿದು, ಉರುಳಿ, ಮೆತ್ತನೆಯ ಭಾಗವೆಲ್ಲ ಕೊಚ್ಚಿಹೋದ ಮೇಲೆ ಉಳಿಯುವುದು ಮುಖ್ಯವಾಗಿ ಬೆಣಚುಕಲ್ಲಿನ ಕಾಳು. ಹವಳದ ಕಡಲಿನ ಬಿಳಿ ಮರಳು ಜೀವಿಗಳ ಎಲುಬು ಮತ್ತು ಚಿಪ್ಪು. ಹವಳ, ಶಂಖ, ಸುಣ್ಣ ತುಂಬಿಕೊಳ್ಳುವ ಪಾಚಿ ಎಲ್ಲವೂ ಸತ್ತು ಚೂರಾಗಿ ಅದಾಗುತ್ತವೆ. ಗಿಳಿಮೀನು ಎಂಬ ಮೀನು ಹವಳದ ಕಲ್ಲನ್ನು ಹಲ್ಲಿನಿಂದ ಕೆರೆದು ನುಂಗಿ, ಅದರ ಮೇಲಿನ ಪಾಚಿಯನ್ನು ಅರಗಿಸಿಕೊಂಡು, ಉಳಿದ ಸುಣ್ಣವನ್ನು ಹಿಂದಿನಿಂದ ಮರಳಾಗಿ ಬಿಡುತ್ತದೆ. ಮಾಲ್ಡೀವ್ಸ್ ದ್ವೀಪಗಳ ಬೆಳ್ಳನೆಯ ತೀರದಲ್ಲಿ ಅದರ ಪಾಲು ದೊಡ್ಡದು. ಇದನ್ನು ಕೇಳಿ ಅಜ್ಜ, ಹಾಗಾದರೆ ಹುಡುಗಿ ದುಡ್ಡು ಕೊಟ್ಟು ಮೀನಿನ ಸಗಣಿ ತರುತ್ತಾಳೆ ಎಂದರು.

ಹೊಳೆಮರಳು ಕಡಲ ತೊಟ್ಟಿಗೆ ವಿಷ ಎಂದು ಹೆದರಿಸುವವರಿದ್ದಾರೆ. ಅದರಲ್ಲಿನ ಸಿಲಿಕ ಕರಗಿ ಕಂದು ಪಾಚಿ ಬೆಳೆಯುತ್ತದೆ ಎಂಬುದು ಅವರ ಮಾತು. ಶುದ್ಧ ಬೆಣಚು ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಆ ಭಯ ಅತಿಯಾಯಿತು. ನಿಜವಾದ ತೊಂದರೆ ಅದರ ಜೊತೆಗೆ ಬರುವ ಜೇಡಿ, ಕೊಳೆತ ಕಸ ಮತ್ತು ಕಬ್ಬಿಣದ ಕಪ್ಪು ಹುಡಿ. ಹುಡುಗಿ ಗುಡ್ಡೆಯ ಮೇಲೆ ಅಯಸ್ಕಾಂತ ಎಳೆದಾಗ ಅದಕ್ಕೆ ಗಡ್ಡ ಬೆಳೆದಂತೆ ಕಪ್ಪು ಕಣ ಅಂಟಿತು. ಗಾಜಿನ ಒಳಬದಿಯನ್ನು ಉಜ್ಜಲು ಅಯಸ್ಕಾಂತದ ಉಜ್ಜುಗ ಬಳಸುವವರಿಗೆ ಇದು ಶತ್ರು. ಅಂಥ ಒಂದು ಕಾಳು ಸಿಕ್ಕಿಕೊಂಡರೆ ಗಾಜಿನ ಮೇಲೆ ಶಾಶ್ವತ ಗೀರು. ಕ್ರಷರ್‌ನಲ್ಲಿ ಕಲ್ಲು ಒಡೆದು ಮಾಡುವ ಎಂ-ಸ್ಯಾಂಡ್ ಇನ್ನೂ ಕೆಟ್ಟದ್ದು. ಮರಳನ್ನು ಬಾಯಲ್ಲಿ ತುಂಬಿ ಕಿವಿರಿನಿಂದ ಸೋಸುವ ಮೀನುಗಳಿಗೆ ಅದರ ಅಂಚು ಬ್ಲೇಡಿನಂತೆ.

ಹೀಗೆ ಅಜ್ಜನ ಗುಡ್ಡೆ ಸೋತಿತು. ತಂದೆ–ಮಗಳು ಬಸ್ಸು ಹತ್ತಿ ದಿಂಡಿಗಲ್ಲಿಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಎರಡು ಬಗೆಯ ಚೀಲಗಳಿದ್ದವು. ಒಂದು ಹೊರದೇಶದ್ದು, ಏನು, ಎಲ್ಲಿಯದು, ಕಾಳಿನ ಅಳತೆ ಎಷ್ಟು ಎಂದು ಮುದ್ರಿಸಿದ್ದು; ಬಹಾಮಾಸ್ ದ್ವೀಪಗಳ ಆಳವಿಲ್ಲದ ಕಡಲಿನಲ್ಲಿ ನೀರಿನ ಸುಣ್ಣವೇ ಪದರ ಪದರವಾಗಿ ಕಟ್ಟಿ ಹುಟ್ಟುವ ಗುಂಡು ಕಾಳಿನ ಮರಳು. ಇನ್ನೊಂದಕ್ಕೆ ಚೀಟಿಯಿಲ್ಲ. ಒಡೆದ ಹವಳ, ನಡುವೆ ಕೊಂಬೆಯ ತುಂಡುಗಳು, ಅವುಗಳ ಮೇಲೆ ನಕ್ಷತ್ರದಂಥ ತೂತುಗಳು ಇನ್ನೂ ಸ್ಪಷ್ಟವಾಗಿದ್ದವು. ಬೆಲೆ ಮೊದಲನೆಯದರ ನಾಲ್ಕನೆಯ ಒಂದು ಪಾಲೂ ಇಲ್ಲ. ತಂದೆ ಎರಡನೆಯದಕ್ಕೆ ಕೈ ಹಾಕಿದರು.

ಮಗಳು ಬೇಡವೆಂದಳು. ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಹುಲಿ ಇರುವ ಪಟ್ಟಿಯೇ ಅದು. ಹುಲಿಯ ಉಗುರನ್ನು ಇಟ್ಟುಕೊಳ್ಳುವುದು ಹೇಗೆ ಅಪರಾಧವೋ ಸತ್ತ ಹವಳದ ಕೊಂಬೆಯನ್ನು ಮಾರುವುದೂ ಹಾಗೆಯೇ. ಬಸ್ಸಿನಲ್ಲಿ ಬರಿಗೈಯಲ್ಲಿ ಮರಳುವಾಗ ತಂದೆ ಅಸಮಾಧಾನದಿಂದಲೇ ಇದ್ದರು. ಸತ್ತದ್ದು ತಾನೆ, ತೀರದಲ್ಲಿ ಬಿದ್ದದ್ದನ್ನು ಹೆಕ್ಕಿದರೆ ಯಾರ ಗಂಟು ಹೋಯಿತು ಎಂದು ರಾತ್ರಿ ಊಟದ ಹೊತ್ತಿಗೂ ಕೇಳಿದರು.

ಈ ಪ್ರಶ್ನೆಗೆ ಮನ್ನಾರ್ ಕೊಲ್ಲಿಯಲ್ಲಿ ಉತ್ತರವಿದೆ. ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಹಬ್ಬಿದ 21 ದ್ವೀಪಗಳನ್ನು ಒಳಗೊಂಡು 1986ರಲ್ಲಿ ಅಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮೊದಲು, ಆಮೇಲೂ, ದಶಕಗಳ ಕಾಲ ಸುಣ್ಣಕ್ಕೆಂದೂ ಕಾರ್ಖಾನೆಗಳಿಗೆಂದೂ ಹವಳವನ್ನು ಅಗೆದು ದೋಣಿಗಳಲ್ಲಿ ಸಾಗಿಸಿದರು. ದ್ವೀಪದ ಸುತ್ತ ಅಲೆಯನ್ನು ತಡೆಯುತ್ತಿದ್ದ ಹವಳದ ಗೋಡೆ ಹೋದಮೇಲೆ ಅಲೆ ದ್ವೀಪವನ್ನೇ ತಿಂದಿತು. ಪೂವರಸನ್‌ಪಟ್ಟಿ, ವಿಲಂಗುಚಲ್ಲಿ ಎಂಬ ಎರಡು ದ್ವೀಪಗಳು ಇಂದು ನೀರಿನ ಕೆಳಗಿವೆ. ತೂತ್ತುಕುಡಿಯ ಬಳಿಯ ವಾನ್ ದ್ವೀಪವೂ ಸವೆದು ಸವೆದು ಕೊನೆಗೆ ಅದರ ಮುಂದೆ ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇಳಿಸಿ ಉಳಿಸಿಕೊಳ್ಳಬೇಕಾಯಿತು.

ಹುಡುಗಿ ಇದನ್ನೆಲ್ಲ ಹೇಳಿದಳು. ಆದರೆ ತಂದೆಯನ್ನು ಸುಮ್ಮನಾಗಿಸಿದ್ದು ಎರಡು ದ್ವೀಪಗಳಲ್ಲ, ಅಜ್ಜ.

“ಹೊಳೆಯಲ್ಲೂ ಬಿದ್ದಿದ್ದನ್ನೇ ಹೊತ್ತರು ಕಣಪ್ಪ. ಲಾರಿಗಟ್ಟಲೆ ಹೊತ್ತರು. ನಾನೂ ಹೊರಿಸಿದೆ, ಹಿತ್ತಿಲಲ್ಲಿದೆ ನೋಡು. ನಿನ್ನ ಬೋರ್‌ವೆಲ್ ಈಗ ಎಷ್ಟು ಅಡಿಗೆ ಹೋಗಿದೆ?”

ಹೊಳೆಯ ಮರಳು ಮಳೆನೀರನ್ನು ಹಿಡಿದು ನಿಧಾನವಾಗಿ ಇಳಿಬಿಡುವ ಹಾಸು. ಅದು ತೆಳುವಾದಂತೆ ದಂಡೆಯ ಬಾವಿಗಳ ನೀರೂ ಕೆಳಗಿಳಿಯುತ್ತದೆ. ದ್ರಾಕ್ಷಿ ತೋಟದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮುಂದಿನ ವಾರ ಅವರು ಒಬ್ಬರೇ ಹೋಗಿ ಚೀಟಿಯಿದ್ದ ಚೀಲಗಳನ್ನು ತಂದರು.

ತಂದ ಮರಳನ್ನು ಎಷ್ಟು ದಪ್ಪ ಹಾಸಬೇಕೆಂಬುದು ಬೇರೆಯೇ ವಿಷಯ. ತೊಟ್ಟಿಯ ತಳ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. 3 ಸೆಂ.ಮೀ. ದಪ್ಪಕ್ಕೆ ಸುಮಾರು 8 ಲೀಟರ್, ಎಂದರೆ 12–13 ಕಿಲೋ ಮರಳು ಸಾಕು. 10 ಸೆಂ.ಮೀ. ಮೀರಿದ ಆಳದ ಹಾಸಿನಲ್ಲಿ ಆಮ್ಲಜನಕ ತಲುಪದ ಕೆಳಪದರದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವೆ ಎಂಬುದು ನಿಜ, ಆದರೆ ಅದಕ್ಕೆ 40 ಕಿಲೋ ದಾಟುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಏಳಬಹುದು. ಸುಣ್ಣದ ಮರಳು ನೀರನ್ನು ತಾನಾಗಿ ಹದದಲ್ಲಿಡುತ್ತದೆ ಎಂದು ಅಂಗಡಿಯವರು ಹೇಳುವುದನ್ನೂ ಅರ್ಧ ಮಾತ್ರ ನಂಬಬೇಕು. ಕಡಲ ತೊಟ್ಟಿಯ ಪಿಎಚ್ 8.1ರಿಂದ 8.4ರೊಳಗೆ ಇರುತ್ತದೆ, ಆ ನೀರಿನಲ್ಲಿ ಅದು ಕರಗುವುದಿಲ್ಲ. ಹಾಸಿನ ಒಳಗೆ, ಪಿಎಚ್ ಕುಸಿದ ಕಡೆ, ಅಷ್ಟಿಷ್ಟು ಕರಗುತ್ತದೆ. ನೀರಿನ ಹದ ಕಾಯುವುದು ಒಳ್ಳೆಯ ಉಪ್ಪು ಮತ್ತು ತಪ್ಪದೆ ನೀರು ಬದಲಿಸುವ ಕೈ. ಇನ್ನು ಕಾಳು ಸಕ್ಕರೆಗಿಂತ ಸಣ್ಣದಾದರೆ ಪಂಪಿನ ಹೊಡೆತಕ್ಕೆ ತೇಲಾಡುತ್ತದೆ, ಜೋಳದಷ್ಟು ದಪ್ಪವಾದರೆ ಸಂದುಗಳಲ್ಲಿ ಕೊಳೆ ಸೇರುತ್ತದೆ. ಹುಡುಗಿ 1–2 ಮಿ.ಮೀ. ಕಾಳನ್ನು, 3 ಸೆಂ.ಮೀ. ಹಾಸನ್ನು ಆರಿಸಿದ್ದು ಸರಿಯಾಗಿತ್ತು. ಹವಳದ ಬದಲು ಸುಟ್ಟ ಮಣ್ಣಿನ ಕೃತಕ ಬಂಡೆಗಳನ್ನಿಟ್ಟಳು.

ಎಲ್ಲವೂ ಸರಿಯಾಗಿಯೇ ನಡೆಯಿತು. ಆರು ವಾರ ನೀರು ಓಡಿಸಿ, ಅಮೋನಿಯ ಇಳಿದದ್ದನ್ನು ಪರೀಕ್ಷಿಸಿ, ಮೊದಲು ಎರಡು ಕ್ಲೌನ್ ಮೀನು ಬಿಟ್ಟರು. ಅವು ಆಡಿಕೊಂಡಿದ್ದವು. ಆಮೇಲೆ ನಾಲ್ಕು ಬಸವನಹುಳು, ಕೆಂಪು ಬೆನ್ನಿನ ಒಂದು ಕ್ಲೀನರ್ ಸಿಗಡಿ. ಹುಳುಗಳು ಮೊದಲ ದಿನವೇ ಗಾಜಿನಿಂದ ಕಳಚಿಬಿದ್ದವು. ಸಿಗಡಿ ಮರುದಿನ ಬೆಳಿಗ್ಗೆ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಮೀನುಗಳಿಗೆ ಏನೂ ಆಗಿರಲಿಲ್ಲ.

ಮೀನು ಬದುಕಿ, ಸಿಗಡಿ–ಶಂಖದ ಜಾತಿ ಮಾತ್ರ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ತಾಮ್ರವನ್ನು. ಮೀನಿನ ರೋಗಕ್ಕೆ ಲೀಟರಿಗೆ 0.2 ಮಿಲಿಗ್ರಾಮಿನ ಆಸುಪಾಸಿನಲ್ಲಿ ತಾಮ್ರವನ್ನು ಔಷಧವಾಗಿ ಕೊಡುವುದುಂಟು. ಅಷ್ಟು ತಾಮ್ರ ಸಿಗಡಿಗೆ ಸಾವು. ಪರೀಕ್ಷೆಯ ದ್ರಾವಣ ಬಣ್ಣ ತಿರುಗಿತು. ತೊಟ್ಟಿಗೆ ತಾಮ್ರ ಬಂದದ್ದೆಲ್ಲಿಂದ? ಮನೆಯವರೆಲ್ಲ ಒಂದು ದಿನ ಹುಡುಕಿದರು. ಸಂಜೆ ತಂದೆ ತಾವಾಗಿ ತೋಟದ ಮನೆಯಿಂದ ಒಂದು ನೀಲಿ ಬಕೆಟ್ ತಂದು ಅಂಗಳದಲ್ಲಿಟ್ಟರು. ದ್ರಾಕ್ಷಿಯ ಬೂಜುರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ಬಕೆಟ್ ಅದು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಂಚಿನಲ್ಲಿ ಒಣಗಿದ ತಿಳಿನೀಲಿ ಕೆನೆ ಇತ್ತು. ಮಗಳು ಶಾಲೆಗೆ ಹೋಗಿದ್ದಾಗ ಅವಳ ಶ್ರಮ ಉಳಿಸೋಣವೆಂದು ಅವರೇ ಆ ಬಕೆಟ್ಟಿನಲ್ಲಿ ಮರಳನ್ನು ತೊಳೆದಿದ್ದರು.

ಯಾರೂ ಮಾತನಾಡಲಿಲ್ಲ. ನೀರನ್ನು ಬದಲಿಸಿದರೆ ಸಾಲದೆ ಎಂದು ತಾಯಿ ಕೇಳಿದರು. ಸಾಲದು. ಸುಣ್ಣದ ಮರಳು ತಾಮ್ರವನ್ನು ಮೈಗೆ ಹಿಡಿದುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಬೆಣಚಿನ ಮರಳಾಗಿದ್ದರೆ ಇಷ್ಟು ಹಿಡಿಯುತ್ತಿರಲಿಲ್ಲ. ಅಜ್ಜ ಇದನ್ನು ಕೇಳಿಸಿಕೊಂಡರೂ ಏನೂ ಹೇಳದೆ ಇದ್ದದ್ದು ಅವರ ದೊಡ್ಡತನ. 13 ಕಿಲೋ ಮರಳನ್ನೂ ಬಂಡೆಗಳನ್ನೂ ಹುಡುಗಿ ತಾನೇ ಎತ್ತಿ ಹಾಕಿದಳು. ಮೀನುಗಳು ಬರಿಯ ಗಾಜಿನ ತಳದ ಮೇಲೆ ಎರಡು ತಿಂಗಳು ಈಜಿದವು. ಆ ಅವಧಿಯಲ್ಲಿ ತಂದೆ ತೊಟ್ಟಿಯ ಕೋಣೆಗೆ ಹೋಗುತ್ತಿರಲಿಲ್ಲ.

ಎರಡನೆಯ ಸಲ ಅವಳು 2 ಸೆಂ.ಮೀ. ದಪ್ಪವೇ ಸಾಕೆಂದಳು, ಬೆಲೆಯ ಚಿಂತೆಯೂ ಇತ್ತು. ತಂದೆ ಒಂದು ಹೊಸ ಬಿಳಿ ಬಕೆಟ್ ತಂದು, ಅದರ ಮೇಲೆ ಬಣ್ಣದಲ್ಲಿ ತಮಿಳಿನಲ್ಲಿ ಮೀನು ಎಂದು ಬರೆದರು. ಮರಳನ್ನು ಇಬ್ಬರೂ ಕೂಡಿ ತೊಳೆದರು. ನೀರು ತಿಳಿಯಾಗಲು ಹನ್ನೊಂದು ಸಲ ಬಸಿಯಬೇಕಾಯಿತು.

ಹೊಸ ಸಿಗಡಿ ಬಂದು ಹತ್ತನೆಯ ದಿನ ಮುಂಜಾನೆ ಅಜ್ಜ ಮೊಮ್ಮಗಳನ್ನು ಎಬ್ಬಿಸಿದರು. ಮರಳಿನ ಮೇಲೆ ಸಿಗಡಿ ಬಿಳುಚಿಕೊಂಡು ಬಿದ್ದಿತ್ತು, ಮೀಸೆ ಸಹಿತ, ಕಾಲು ಸಹಿತ. ತಂದೆಯೂ ಬಾಗಿಲಲ್ಲಿ ಬಂದು ನಿಂತರು. ಹುಡುಗಿ ಬ್ಯಾಟರಿ ದೀಪ ಹಿಡಿದು ಬಂಡೆಯ ಸಂದಿನಲ್ಲಿ ನೋಡಿದಳು. ಪೊರೆ ಕಳಚಿದ ಸಿಗಡಿ ಅಲ್ಲಿ, ಮೊದಲಿಗಿಂತ ಕೆಂಪಾಗಿ, ಹೊಸ ಮೀಸೆಯನ್ನು ಅಲ್ಲಾಡಿಸುತ್ತಿತ್ತು.