ಕೊಳೆಯಲೂಬಾರದು, ಕೊಳೆಯಲೂಬೇಕು

* ಮಾವು, ಬಾಳೆ, ಸಪೋಟ ಕೊಯ್ದ ಮೇಲೂ ಉಸಿರಾಡುತ್ತವೆ. ಗಾಳಿಯಾಡದಂತೆ ಬಿಗಿದರೆ ಆಮ್ಲಜನಕ ತೀರಿ ಒಳಗೇ ಹುಳಿವಾಸನೆ ಹಿಡಿಯುತ್ತವೆ; ತೆರೆದಿಟ್ಟರೆ ನೀರಾರಿ ಸುಕ್ಕಾಗುತ್ತವೆ. ಹಾಗಾದರೆ ಹೊದಿಕೆ ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು? ಹಣ್ಣು ಹಣ್ಣಿಗೂ ಲೆಕ್ಕ ಬೇರೆ. ದ್ರಾಕ್ಷಿ ಕಿತ್ತ ಮೇಲೆ ಮಾಗುವುದೇ ಇಲ್ಲ. ಅದಕ್ಕೆ ಬೂಷ್ಟಿನದೇ ಭಯ.

* ಮಾಗುವ ಸೇಬು ತಾನೇ ಈಥಿಲೀನ್ ಅನಿಲ ಬಿಡುತ್ತದೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿದರು. ಆ ಅನಿಲವೇ ಪಕ್ಕದ ಹಣ್ಣನ್ನೂ ಮಾಗಿಸುತ್ತದೆ. ಅದನ್ನು ಹಿಡಿಯಲು ಪೆಟ್ಟಿಗೆಯೊಳಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಪುಟ್ಟ ಪೊಟ್ಟಣ ಇಡುತ್ತಾರೆ. ನೇರಳೆ ಹೋಗಿ ಕಂದು ಬಂದರೆ ಅದರ ಶಕ್ತಿ ಮುಗಿದಂತೆ. ಆದರೆ ಆ ರಾಸಾಯನಿಕ ಹಣ್ಣಿಗೆ ತಾಕಬಾರದು. ಹೊದಿಕೆಯೇ ಹಣ್ಣನ್ನು ಕಾಯಲಾರದೇ?

* ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನ್ ತೆಳುವಾದ ಹಾಳೆಯಾಗುತ್ತದೆ. ಹಣ್ಣಿನ ಸಿಪ್ಪೆಯ ಮೇಲೇ ಲೇಪಿಸಲೂಬಹುದು. ಸೂಕ್ಷ್ಮಜೀವಿಗಳ ಕೋಶದ ಹೊರಪೊರೆಗೆ ಅಂಟಿ ಅದನ್ನು ಕೆಡಿಸುತ್ತದೆ. ಓಂಕಾಳಿನಲ್ಲಿರುವ ಥೈಮಾಲ್ ಬೆರೆಸಿದರೆ ಬೂಷ್ಟಿಗೆ ಇನ್ನಷ್ಟು ತಡೆ.

* ನನ್ನನ್ನು ಬಿಡದೆ ಕಾಡುವುದು ಇಲ್ಲಿಯೇ. ಬಳಸಿ ಎಸೆದ ಹಾಳೆ ಮಣ್ಣಾಗಬೇಕು; ಆದರೆ ಸೂಕ್ಷ್ಮಜೀವಿಯನ್ನು ಕೊಲ್ಲುವ ಹಾಳೆಯನ್ನು ಮಣ್ಣಿನ ಸೂಕ್ಷ್ಮಜೀವಿ ತಿನ್ನುವುದು ಹೇಗೆ? ಅರ್ಧ ಉತ್ತರ ಸಿಕ್ಕಿತು. ಥೈಮಾಲ್ ಮೆಲ್ಲಗೆ ಆವಿಯಾಗಿ ಹೋಗುತ್ತದೆ. ಇನ್ನು ಕೈಟೋಸಾನಿನ ಮೂಲ ಕೈಟಿನ್; ಕೀಟಗಳ ಚಿಪ್ಪು, ಅಣಬೆಯ ಕೋಶಭಿತ್ತಿಗಳಲ್ಲೂ ಅದು ಇದೆ. ಅದನ್ನು ಜೀರ್ಣಿಸುವ ಜೀವಿಗಳು ಮಣ್ಣಿನಲ್ಲಿ ಮೊದಲಿನಿಂದಲೂ ಇವೆ.

* ಇನ್ನೊಂದು ತೊಡಕು. ಕೈಟೋಸಾನ್, ಪಿಷ್ಟದ ಹಾಳೆಗಳಿಗೆ ನೀರೇ ಶತ್ರು. ಹಣ್ಣು ಬಿಡುವುದೂ ನೀರಾವಿಯನ್ನೇ. ಮೇಣ ಬೆರೆಸಿ ತಡೆಯುತ್ತಾರೆ. ಹೆಚ್ಚು ಬೆರೆಸಿದರೆ ಹಣ್ಣಿನ ಉಸಿರು ಕಟ್ಟೀತು.

* ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಬರುವ ಪಿ.ಎಲ್.ಎ. (ಪಾಲಿಲ್ಯಾಕ್ಟಿಕ್ ಆಸಿಡ್) ಪ್ಲಾಸ್ಟಿಕ್ ಬೇಗ ಮಣ್ಣಾಗಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ ಸತತವಾಗಿ ಬೇಕು. ಹಿತ್ತಿಲ ಗೊಬ್ಬರಗುಂಡಿಯಲ್ಲಿ ಅಷ್ಟು ಶಾಖ ನಿಲ್ಲುವುದು ಅಪರೂಪ. ಭಾರತ 2022ರ ಜುಲೈ 1ರಿಂದ ಹಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದ ಮೇಲೆ 'ಮಣ್ಣಾಗುತ್ತದೆ' ಎನ್ನುವ ಹೊದಿಕೆಗಳ ಮೇಲೆ ಆಸೆ ಹೆಚ್ಚಿದೆ. ಆದರೆ ಎಂಥ ಗುಂಡಿಯಲ್ಲಿ, ಎಷ್ಟು ದಿನಕ್ಕೆ ಮಣ್ಣಾಗುತ್ತದೆ? ಹಣ್ಣಿನ ಸಿಪ್ಪೆಯ ಜೊತೆಗೇ ಎಸೆಯಬಹುದೇ? ಕೊಳ್ಳುವವರಿಗೆ ಅರ್ಥವಾಗುವ ಕನ್ನಡದಲ್ಲಿ ಇಷ್ಟನ್ನು ಹೊದಿಕೆಯ ಮೇಲೆ ಅಚ್ಚು ಹಾಕಲೇಬೇಕು.